ನನ್ನ ದನಿ ನನ್ನನ್ನು ಬಿಟ್ಟು ಪ್ರಚಾರಕ್ಕೆ ಹೋದದ್ದು

ಮದುವೆ ಮಂಟಪದ ಮೈಕಿನಲ್ಲಿ ನಾನು "ಮುಂದಿನ ಪಂಕ್ತಿಯವರು ಊಟಕ್ಕೆ ದಯಮಾಡಿಸಬೇಕು" ಎಂದರೆ, ಆಗಲೇ ಉಂಡು ಕೈ ತೊಳೆದವರೂ ಇನ್ನೊಮ್ಮೆ ಹೋಗಿ ಕೂತ ಉದಾಹರಣೆ ಇದೆ. ಅಂಥ ದನಿ ನನ್ನದು. ಶಿರಸಿ ಪೇಟೆಯಲ್ಲಿ ನನಗೊಂದು ಗಡಿಯಾರ ರಿಪೇರಿ ಅಂಗಡಿ ಇದೆ. ಈಗೀಗ ಗಡಿಯಾರಗಳು ಕಡಿಮೆಯಾಗಿ, ದನಿಗೆ ಬಿಡುವು ಜಾಸ್ತಿಯಾಗಿತ್ತು.

ಚುನಾವಣೆ ಬಂತು. ಪಕ್ಕದ ಮನೆಯ ಇಬ್ರಾಹಿಂ ಭಾಯಿ ಟೆಂಪೋ ನಿಲ್ಲಿಸಿ ಅಂಗಡಿಗೆ ಬಂದರು.

"ಪರಮಣ್ಣ ಪಕ್ಷೇತರ ನಿಂತಿದಾರಲ್ಲ, ಅವರ ಅಭಿಮಾನಿ ಗ್ರೂಪಿಗೆ ಹಾಕೋದಕ್ಕೆ ನಿಮ್ಮ ದನೀಲಿ ಎರಡು ಮಾತು ಬೇಕು."

ಪರಮಣ್ಣ ಒಳ್ಳೆಯ ಮನುಷ್ಯ. ನಾನು ಗಂಟಲು ಸರಿಮಾಡಿಕೊಂಡು ಫೋನಿಗೆ ಹೇಳಿದೆ: "ಪರಮಣ್ಣ ನಮ್ಮವರು. ಕರೆದರೆ ಬರುವವರು. ಅವರನ್ನು ಗೆಲ್ಲಿಸೋಣ."

ಸಂಜೆಯೊಳಗೆ ಅದಕ್ಕೆ ಯಾರೋ ನಗಾರಿ ಸೇರಿಸಿದ್ದರು. ಮರುದಿನ ಸಿದ್ದಾಪುರದಲ್ಲಿ 'ಪರಮಣ್ಣ ಪಡೆ', ಯಲ್ಲಾಪುರದಲ್ಲಿ 'ಪರಮಣ್ಣ ಸೈನ್ಯ' ಎಂಬ ಗ್ರೂಪುಗಳು ಹುಟ್ಟಿ, ಎರಡರಲ್ಲೂ ನಾನೇ ಗುಡುಗುತ್ತಿದ್ದೆ. ಯಾರೋ ಗುರುತಿಲ್ಲದವರು "ಸರ್, ಈ ವಾಕ್ಯಗಳನ್ನೂ ಓದಿ ಕಳಿಸಿ, ಕಂಪ್ಯೂಟರಿಗೆ ನಿಮ್ಮ ದನಿ ಕಲಿಸುತ್ತೇವೆ" ಎಂದು ಕೇಳಿದರು. ಕಲಿಯಲಿ, ಪಾಪ, ಎಂದುಕೊಂಡು ಓದಿ ಕಳಿಸಿದೆ. ಆಮೇಲೆ ನನ್ನ ದನಿಯಲ್ಲಿ ಏನೇ ಬಂದರೂ ಕೈಮುಗಿಯುವ ಚಿತ್ರ ಅಂಟಿಸಿ ಎಲ್ಲ ಗ್ರೂಪಿಗೂ ದಾಟಿಸುವುದೇ ನನ್ನ ಕೆಲಸವಾಯಿತು. ಪೂರ್ತಿ ಕೇಳುತ್ತಿರಲಿಲ್ಲ. ನನ್ನದೇ ದನಿ, ಕೇಳುವುದೇನು?

ನನ್ನ ಹೆಂಡತಿ ಶೈಲಾ ಸರಕಾರಿ ಬಸ್ಸಿನ ಕಂಡಕ್ಟರು. ಒಂದು ದಿನ ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತಳು.

"ಎಕ್ಕಂಬಿ ಹತ್ರ ನಮ್ಮ ಬಸ್ಸಲ್ಲಿ ನೀವು ಮಾತಾಡಿದ್ರಿ."

"ನಾನು ಅಂಗಡೀಲಿದ್ದೆ."

"ಒಬ್ಬ ಪ್ಯಾಸೆಂಜರ್ ಫೋನಲ್ಲಿ. ಜಯರಾಮಣ್ಣಂಗೆ ಎಂತ ಹೇಳಿದ್ರಿ ಗೊತ್ತಿದ್ಯ?"

ಜಯರಾಮಣ್ಣ ಎಂದರೆ ಎದುರಾಳಿ ಅಭ್ಯರ್ಥಿ. ಅವರ ಜೊತೆ ಸದಾ ಒಂದಿಷ್ಟು ಅಗಲವಾದ ಜನ ಇರುತ್ತಾರೆ. ಶೈಲಾ ಫೋನು ಒತ್ತಿದಳು. ನಗಾರಿಯ ನಡುವೆ ನಾನು, ಸ್ಪಷ್ಟವಾಗಿ, ಒಂದು ಕೆಮ್ಮೂ ಇಲ್ಲದೆ ಹೇಳುತ್ತಿದ್ದೆ: "ಜಯರಾಮ, ಧೈರ್ಯ ಇದ್ದರೆ ಶಿರಸಿಗೆ ಬಾ. ನಿನ್ನ ಚೇಲಾಗಳನ್ನೂ ಕರೆದುಕೊಂಡು ಬಾ. ನಾನೊಬ್ಬನೇ ಸಾಕು."

ನಾನು ಎಂದೂ ಆಡದ ಮಾತು; ನನ್ನ ದನಿ ಕಲಿತ ಕಂಪ್ಯೂಟರು ಆಡಿತ್ತು. ಜಯರಾಮಣ್ಣನ ಅಭಿಮಾನಿಗಳ ಗ್ರೂಪಿನಲ್ಲಿ ಆಗಲೇ "ಈ ದನಿ ಯಾರದು? ಪತ್ತೆ ಮಾಡಿ" ಎಂಬ ಕರೆ ಓಡಾಡುತ್ತಿತ್ತಂತೆ.

ಇದನ್ನು ಮಾಡಿದವರನ್ನು ಹಿಡಿದು ಅಳಿಸಿಹಾಕಿಸುವುದೆಂದು ಫೋನು ಹಿಡಿದು ಕೂತೆ. ಬಸ್ಸಿನ ಪ್ಯಾಸೆಂಜರಿಗೆ ಅದನ್ನು ಕಳಿಸಿದ್ದವರು ವಜ್ರಳ್ಳಿಯ ಭಟ್ಟರು. ಅವರನ್ನು ಕೇಳಿದೆ.

"ಯಂಗೆ ಎಂತದೂ ಗೊತ್ತಿಲ್ಲೆ ಮಾರಾಯ. ಉಮ್ಮಚಗಿಯಿಂದ ಬಂತು, ಮುಂದೆ ಕಳ್ಸಿದಿ, ಅಷ್ಟೆಯ."

ಉಮ್ಮಚಗಿಯವರಿಗೆ ಸಿದ್ದಾಪುರದಿಂದ ಬಂದಿತ್ತು. ಸಿದ್ದಾಪುರದ ಪಡೆಯವನು ಬಹಳ ವಿನಯವಂತ. "ಸರ್, ನಮಗೆ ಬಂದದ್ದು ನಿಮ್ಮ ನಂಬರಿಂದಲೇ. ಕೆಳಗೆ ನೀವೇ ಕೈಮುಗಿದಿದ್ದೀರಿ" ಎಂದ.

ಹೌದು. ಮುಗಿದಿದ್ದೆ.

ನೇರ ಪರಮಣ್ಣನ ಮನೆಗೆ ಓಡಿದೆ. ಅಭ್ಯರ್ಥಿ ಒಳಕೋಣೆಯಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

"ಪರಮಣ್ಣ, ನಿಮ್ಮ ಹುಡುಗರಿಗೆ ಸ್ವಲ್ಪ ಹೇಳಿ."

"ಯಾರು ನನ್ನ ಹುಡುಗರು?" ಅವರು ದನಿ ತಗ್ಗಿಸಿದರು. "ನಾನು ಒಬ್ಬರನ್ನೂ ನೋಡಿಲ್ಲ. ಸಿದ್ದಾಪುರದಿಂದ ಯಲ್ಲಾಪುರಕ್ಕೆ ನಾನು ಪಾದಯಾತ್ರೆ ಮಾಡ್ತೇನೆ ಅಂತ ಸಾರಿದಾರೆ. ನಂಗೆ ಬಚ್ಚಲಿಗೆ ಹೋಗೋದೇ ಕಷ್ಟ. ನಾನು ಕಟ್ಟಿಸಿದ್ದು ಅಂತ ಒಂದು ಸೇತುವೆ ಫೋಟೋ ಹಾಕಿದಾರೆ. ಆ ಹೊಳೆ ಯಾವ ರಾಜ್ಯದ್ದೋ."

"ನೀವೇ ಗ್ರೂಪಲ್ಲಿ ಬರೀಬಹುದಲ್ಲ?"

"ಬರ್ದೆ. ಪರಮಣ್ಣನ ಹೆಸರಲ್ಲಿ ಯಾರೋ ನಕಲಿ ಬಂದಿದಾನೆ ಅಂತ ನನ್ನನ್ನೇ ತೆಗೆದುಹಾಕಿದ್ರು." ಅವರು ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿದರು. "ಸೋತರೆ ಹೋಗ್ಲಿ. ಗೆದ್ದರೆ ಇವರೆಲ್ಲ ನನ್ನನ್ನ ನೋಡೋದಕ್ಕೆ ಬರ್ತಾರಲ್ಲ, ಅದೇ ಹೆದರಿಕೆ."

ಇನ್ನು ನನ್ನ ದಾರಿ ನಾನೇ ನೋಡಿಕೊಳ್ಳಬೇಕಿತ್ತು. ಬಾಗಿಲು ಹಾಕಿಕೊಂಡು, ಸಭ್ಯ ಭಾಷೆಯಲ್ಲಿ, "ಆ ಮಾತು ನನ್ನದಲ್ಲ, ಜಯರಾಮಣ್ಣನವರ ಬಗ್ಗೆ ನನಗೆ ಅಪಾರ ಗೌರವವಿದೆ" ಎಂದು ಧ್ವನಿಮುದ್ರಿಸಿ ಎಲ್ಲ ಗ್ರೂಪಿಗೂ ಹಾಕಿದೆ. ಉತ್ತರ ಕೂಡಲೇ ಬಂತು. 'ಇದು ಎದುರಾಳಿಗಳು ಮಾಡಿದ ನಕಲಿ. ನಮ್ಮ ಪ್ರಚಾರದ ಅಣ್ಣನ ದನಿ ಸಿಂಹದ್ದು. ಇದು ನಡುಗುತ್ತಿದೆ, ಗಮನಿಸಿ.' ನನ್ನನ್ನೂ ತೆಗೆದುಹಾಕಿದರು.

ಆಮೇಲೆ ನಾನು ಸಾರ್ವಜನಿಕವಾಗಿ ಬಾಯಿ ತೆರೆಯುವುದನ್ನು ಬಿಟ್ಟೆ. ಕಿರಾಣಿ ಅಂಗಡಿಯಲ್ಲಿ ಜೀರಿಗೆ ಬೇಕಿದ್ದಾಗ ಬೆರಳ ತುದಿಯಲ್ಲಿ ಸಣ್ಣದೇನನ್ನೋ ತೋರಿಸಿ ಸಾಸಿವೆ ತಂದೆ. ಗಿರಾಕಿಗಳಿಗೆ ಗಂಟಲು ಮುಟ್ಟಿ ತೋರಿಸಿ ಮುಖ ಬಾಡಿಸುತ್ತಿದ್ದೆ. ಬೈಕೊಂದು ಅಂಗಡಿ ಮುಂದೆ ನಿಧಾನವಾದರೆ ಸಾಕು, ಕೌಂಟರಿನ ಕೆಳಗೆ ಬಗ್ಗಿ ಬೀಳದ ಸ್ಕ್ರೂ ಹುಡುಕುತ್ತಿದ್ದೆ.

ಕೊನೆಗೂ ಒಂದು ಮಧ್ಯಾಹ್ನ ಜೀಪು ನಿಂತಿತು. ಇಳಿದವರು ಅಗಲವಾದವರೇ. ಬನವಾಸಿ ಕಡೆಯವರಿರಬೇಕು. ಮುಂದಿದ್ದವನು ಕೌಂಟರಿನ ಮೇಲೆ ಎರಡೂ ಕೈ ಊರಿದ.

"ಮೈಕಿನ್ಯಾಗ ಮಾತಾಡೋರು ನೀವ ಏನ್ರಿ?"

ನಾನು ಗಂಟಲು ಮುಟ್ಟಿಕೊಂಡೆ.

"ಅದೆಲ್ಲ ಬ್ಯಾಡ. ಬಾಯಿ ಬಿಟ್ಟು ಮಾತಾಡ್ರಿ."

ಆತ ಜೇಬಿನಿಂದ ಫೋನು ತೆಗೆದು ನನ್ನ ಸವಾಲನ್ನು ಹಚ್ಚಿದ. 'ನಾನೊಬ್ಬನೇ ಸಾಕು' ಎಂದು ನಾನು ಗರ್ಜಿಸಿದೆ. ಎಲ್ಲರೂ ನನ್ನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದೆ. ಒಳಗಿನಿಂದ ಬೆಕ್ಕಿನ ಮರಿಯ ಬಾಲ ತುಳಿದಂಥ ಒಂದು ಸದ್ದು ಹೊರಟಿತು.

ಆತ ಫೋನು ನೋಡಿದ, ನನ್ನನ್ನು ನೋಡಿದ. ಅವನ ಮುಖದಲ್ಲಿ ಕರುಣೆ ಮೂಡಿತು.

"ಇವ್ರಲ್ಲ ತಗೋ. ಆ ದನಿ ಎಲ್ಲಿ, ಇವ್ರೆಲ್ಲಿ. ಔಷಧ ತಗೋರಿ ಯಜಮಾನ್ರ."

ಹೋಗುವಾಗ ವಾಚಿಗೊಂದು ಸೆಲ್ಲು ಹಾಕಿಸಿಕೊಂಡ. ಸೆಲ್ಲು ನನ್ನ ಚಿಮಟದಿಂದ ಎರಡು ಸಲ ಜಾರಿ ಬಿದ್ದ ಮೇಲೆ ಅದನ್ನು ಅವನೇ ಕೂರಿಸಬೇಕಾಯಿತು.

ಮತದಾನದ ದಿನ ಹೋಗುವುದೋ ಬೇಡವೋ ಎಂದು ಯೋಚಿಸುತ್ತಿದ್ದೆ. ಡ್ಯೂಟಿಗೆ ಹೊರಟಿದ್ದ ಶೈಲಾ, "ಓಟು ಹಾಕದೆ ಇದ್ರೆ ಸಂಜೆ ನಾನೇ ಜಯರಾಮಣ್ಣಂಗೆ ಫೋನ್ ಮಾಡ್ತೆ" ಎಂದು ಬಸ್ಸಿನತ್ತ ನಡೆದಳು. ಹೋಗಿ ಸಾಲಿನಲ್ಲಿ ನಿಂತೆ. ಮುಂದೆ ನಿಂತವರು ಹೆಸರು ಕೇಳಿದರು, ಹಿಂದೆ ನಿಂತವರು ಯೋಗಕ್ಷೇಮ ಕೇಳಿದರು. ಇಬ್ಬರಿಗೂ ಗಂಟಲು ತೋರಿಸಿ ಕೈ ಅಲ್ಲಾಡಿಸಿದೆ.

"ಅಯ್ಯೋ, ಮಾತು ಬರದವರು. ಮುಂದೆ ಬಿಡಿ ಅವರನ್ನ" ಎಂದಳು ಒಬ್ಬ ಹೆಂಗಸು.

ಸಾಲು ಪಕ್ಕಕ್ಕೆ ಸರಿಯಿತು. ಸಿಬ್ಬಂದಿ ಎದ್ದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅಲ್ಲ ಎನ್ನಲು ಬಾಯಿ ತೆರೆಯಬೇಕಿತ್ತು, ಹಾಗಾಗಿ ಹೋದೆ. ಹೊರಗೆ ಬಂದಾಗ ಯಾರೋ ನನ್ನ ಶಾಯಿ ಬೆರಳನ್ನು ಮೇಲೆತ್ತಿಸಿ ಫೋಟೋ ತೆಗೆದರು.

ಸಂಜೆ ಶೈಲಾ ಬಂದು ನನ್ನ ಮುಂದೆ ಫೋನು ಹಿಡಿದಳು. ಬೆರಳೆತ್ತಿ ಬೆದರಿದ ಮುಖದಲ್ಲಿ ನಿಂತಿದ್ದೆ. ಹಿಂದೆ ನಗಾರಿಯ ಬದಲು ಕೊಳಲು. ಅದರ ಮೇಲೆ ನನ್ನದೇ ದನಿ, ಗದ್ಗದವಾಗಿ: "ನೋಡಿ ಬಂಧುಗಳೇ. ಮಾತು ಬಾರದ ಈ ಬಡಪಾಯಿಯೂ ಪರಮಣ್ಣನಿಗಾಗಿ ಬಂದಿದ್ದಾನೆ."

"ಬಸ್ಸಲ್ಲಿ ಎಲ್ಲರೂ ಕಣ್ಣು ಒರೆಸ್ಕೊಂಡ್ರು," ಎಂದಳು ಶೈಲಾ. "ಇದು ನಮ್ಮನೆಯವರು ಅಂತ ಹೇಳೋದಕ್ಕೆ ನಂಗೆ ಬಾಯಿ ಬರಲಿಲ್ಲ."

ನಾನು ಇನ್ನೊಮ್ಮೆ ಹಚ್ಚು ಎಂದೆ. ಹಚ್ಚಿದಳು. ಕೇಳುತ್ತ ಕೇಳುತ್ತ ನನಗೂ ಆ ಬಡಪಾಯಿಯ ಬಗ್ಗೆ ಅಯ್ಯೋ ಅನ್ನಿಸಿತು.