ಡೆನ್ಮಾರ್ಕಿಗೆ ಹೊರಟವನ ಗುಣಗಾನ

ಮಾರುತೇಶ ಎಮ್ಮೆಯ ಕೆಚ್ಚಲಿಗೆ ಕೈ ಹಾಕಿ ಕೂತಿದ್ದಾಗ ಜೇಬಿನಲ್ಲಿದ್ದ ಮೊಬೈಲು ಟುಂಯ್ ಅಂದಿತು. ಅವತ್ತು ಅದು ಸುಮ್ಮನಿದ್ದಿದ್ದರೆ ಕೊಂಡ್ಲಹಳ್ಳಿಯ ಜನರ ಬಾಯಿಗೂ ಸ್ವಲ್ಪ ಬಿಡುವು ಸಿಗುತ್ತಿತ್ತು. ಹಾಲಿನ ಚೊಂಬು ಪಕ್ಕಕ್ಕಿಟ್ಟು, ಕೈ ಲುಂಗಿಗೆ ಒರೆಸಿಕೊಂಡು ಓದಿದ.

"ಡೆನ್ಮಾರ್ಕ್ ಕೃಷಿ ಇಂಟರ್ನ್‌ಶಿಪ್ಪಿನ ಕೊನೆಯ ಹಂತಕ್ಕೆ ನಿಮ್ಮ ಹೆಸರು ಬಂದಿದೆ. ನೀವು ನಿಜವಾಗಿಯೂ ಬೇಸಾಯ ಬಲ್ಲವರೇ ಎಂದು ತಿಳಿಯಲು ನಮ್ಮ ಕಡೆಯವರೊಬ್ಬರು ಇಂದು ನಿಮ್ಮ ಊರಿಗೆ ಬಂದು ನೆರೆಹೊರೆಯವರನ್ನು ವಿಚಾರಿಸುತ್ತಾರೆ."

ಬೇಸಾಯ ಬಲ್ಲ ಹುಡುಗರನ್ನು ವರ್ಷದ ಮಟ್ಟಿಗೆ ಅಲ್ಲಿನ ಹಸು ಸಾಕುವ ಫಾರಂಗಳಿಗೆ ಕಳಿಸುವ ಸಂಸ್ಥೆಯೊಂದು ಚಳ್ಳಕೆರೆಯಲ್ಲಿತ್ತು. ಉಳಿಯಲು ಜಾಗ, ಹೊಟ್ಟೆಗೆ ಊಟ, ಕೈಗೆ ಸಂಬಳ, ಎಲ್ಲಕ್ಕಿಂತ ಹೆಚ್ಚಾಗಿ ಕೆಲಸ ಕಲಿಯುವ ಅವಕಾಶ. ಮೊಳಕಾಲ್ಮುರು ತಾಲ್ಲೂಕಿಗೆ ಈ ಸಲ ಒಂದೇ ಜಾಗ. ಅಲ್ಲಿ ಕಲಿತು ಬಂದು ರಾಂಪುರದ ರಸ್ತೆಯಲ್ಲಿ ತನ್ನದೇ ಒಂದು ಡೈರಿ ಹಾಕಬೇಕೆಂಬುದು ಮಾರುತೇಶನ ಆಸೆ. ಆ ಡೈರಿಗೆ ಬಣ್ಣ ಯಾವುದು ಬಳಿಸಬೇಕು ಅನ್ನುವುದನ್ನೂ ಅವನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದ.

"ಬರೀ ಹಾಲು ಕರೆಯಾಕೆ ಅಷ್ಟು ದೂರದಿಂದ ನಿನ್ನ ಹುಡುಕ್ಕೊಂಡು ಬರ್ತಾರೇನಲೇ? ಅವರ ದೇಶದಾಗೆ ಹಾಲು ಕರೆಯೋರು ಯಾರೂ ಇಲ್ವಾ?" ಎಂದಳು ಅವ್ವ ತಿಪ್ಪೇರುದ್ರಮ್ಮ. "ಕಿಡ್ನಿ ಗಿಡ್ನಿ ತೆಗೆಯೋ ಪೈಕಿ ಇರಬೇಕು. ನೋಡ್ಕೋ."

"ಅವ್ವಾ, ಹೋಗಿ ಬಂದಿರೋರ ಹತ್ರಾನೇ ಫೋನ್ ಮಾಡಿ ಕೇಳಿದೀನಿ. ಎರಡೂ ಕಿಡ್ನಿ ಅದಾವಂತೆ. ನೀನು ಯಾರ ಹತ್ರಾನೂ ಬಾಯಿ ಬಿಡಬ್ಯಾಡ ಅಷ್ಟೇ."

ಅನುಮಾನ ಆ ಮನೆಯಲ್ಲಿ ತಾಯಿಯಿಂದ ಮಗನಿಗೆ ಬಂದ ಆಸ್ತಿ. ದೇವಸ್ಥಾನಕ್ಕೆ ಹೋದರೆ ಮಾರುತೇಶ ಒಂದು ಚಪ್ಪಲಿಯನ್ನು ಬಾಗಿಲ ಈ ಕಡೆ, ಇನ್ನೊಂದನ್ನು ಆ ಕಡೆ ಬಿಡುವವನು. ಊರವರಿಗೆ ವಿಷಯ ಗೊತ್ತಾದರೆ ಒಬ್ಬರ ಕಣ್ಣು ಬೀಳುತ್ತದೆ, ಇನ್ನೊಬ್ಬರು ತಮ್ಮ ಮಗನದೂ ಒಂದು ಅರ್ಜಿ ತೂರಿಸುತ್ತಾರೆ, ಮತ್ತೊಬ್ಬರು ಬಂದವರ ಕಿವಿಯಲ್ಲಿ ಏನಾದರೂ ಊದುತ್ತಾರೆ. ಹಾಗಂತ ಅವರಿಗೆ ಏನೂ ಹೇಳದೆ ಬಿಡುವಂತೆಯೂ ಇಲ್ಲ. ಬಂದವರು ಕೇಳುವುದು ಅವರನ್ನೇ ತಾನೆ? ಯೋಚಿಸಿ ಯೋಚಿಸಿ ಒಂದು ಉಪಾಯ ಕಂಡುಕೊಂಡ. ಒಳ್ಳೆಯ ಮಾತು ಹೇಳಿ ಅನ್ನುವುದು, ಯಾಕೆ ಅಂತ ಮಾತ್ರ ಹೇಳದಿರುವುದು.

ಮೊದಲು ಹೋದದ್ದು ಬಸ್‌ಸ್ಟ್ಯಾಂಡಿನ ಕೆಂಚಣ್ಣನ ಟೀ ಹೋಟೆಲಿಗೆ. ಊರಿಗೆ ಯಾರೇ ಬಂದರೂ ಮೊದಲು ಸಿಗುವವನು ಕೆಂಚಣ್ಣ.

"ಕೆಂಚಣ್ಣಾ, ಇವತ್ತು ಹೊರಗಿನವರು ಯಾರಾದ್ರೂ ಬಂದು ನನ್ನ ಬಗ್ಗೆ ಕೇಳಬೋದು. ಒಂದೆರಡು ಒಳ್ಳೆ ಮಾತು ಹೇಳು."

"ಯಾರು ಬರ್ತಾರೆ?"

"ಯಾರೋ ಬರ್ತಾರೆ."

"ಯಾತಕ್ಕೆ?"

"ಯಾತಕ್ಕೋ. ಕೇಳಿದ್ರೆ ಹೇಳು, ಅಷ್ಟೇ."

ಕೆಂಚಣ್ಣ ಟೀ ಸೋಸುವುದನ್ನು ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದ. ಮೀಸೆಯ ತುದಿಯಲ್ಲಿ ನಗು ಕಾಣಿಸಿಕೊಂಡಿತು. "ತಿಳೀತು ಬಿಡಲೇ. ನಾವೇನು ಕೂಸುಗಳಾ? ನೀನು ನಿಶ್ಚಿಂತೆಯಿಂದ ಹೋಗು."

ಈ ನಗು ಮಾರುತೇಶನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಪಕ್ಕದ ಮನೆಯ ನಾಗಕ್ಕನ ಹತ್ತಿರ ಹೋದ. ಅವನ ಎಮ್ಮೆ ಅವಳ ಹಿತ್ತಲಿಗೆ ನುಗ್ಗಿ ಮೇವು ತಿಂದಿದ್ದಕ್ಕೆ ಮೊನ್ನೆ ತಾನೇ ಕೂಗಾಡಿದ್ದಳು. ಅಲ್ಲೂ ಅದೇ ಮಾತು ಒಪ್ಪಿಸಿದ. ನಾಗಕ್ಕ ಮೊರ ಕೆಳಗಿಟ್ಟು ಅವನ ಕೆನ್ನೆ ಸವರಿ ನೆಟಿಗೆ ಮುರಿದಳು.

"ಇನ್ನೇನೂ ಹೇಳಬ್ಯಾಡ ಕಣೋ. ಎತ್ತಿ ಆಡಿಸಿದ ಕೈ ಇದು. ಅವರು ಎದ್ದು ಹೋಗೋ ಹೊತ್ತಿಗೆ ನಿನ್ನ ಬಿಟ್ಟು ಬೇರೆ ಯಾರೂ ಬ್ಯಾಡ ಅನ್ನಂಗೆ ಮಾಡ್ತೀನಿ."

ಎಮ್ಮೆಯ ಜಗಳ ಇಷ್ಟು ಬೇಗ ಮರೆತುಬಿಟ್ಟಳೇ? ಏನೋ ಇದೆ ಅಂದುಕೊಂಡು ಮಾರುತೇಶ ಹೊಲಕ್ಕೆ ಹೊರಟ. ಬಂದವರು ನೇರವಾಗಿ ಹೊಲಕ್ಕೇ ಬಂದರೆ ತಾನು ದುಡಿಯುತ್ತಿರುವುದನ್ನು ಕಣ್ಣಾರೆ ನೋಡಲಿ ಅಂತ ಇದ್ದುದರಲ್ಲಿ ಹರಕು ಬನಿಯನ್ನು ತೊಟ್ಟು, ತಲೆಗೆ ಟವೆಲ್ ಸುತ್ತಿ, ರಸ್ತೆಯ ಅಂಚಿನ ಸಾಲಿನಲ್ಲೇ ಶೇಂಗಾ ಕೀಳಲು ಕೂತ. ಕೂಲಿಯವರನ್ನೂ ಕರೆದಿರಲಿಲ್ಲ. ಅವರಲ್ಲಿ ಯಾರ ಬಾಯಿ ಹೇಗೋ ಯಾರಿಗೆ ಗೊತ್ತು? ಒಂದು ಗಿಡ ಕಿತ್ತು ಮಣ್ಣು ಕೊಡವುವುದು, ಒಂದು ಸಲ ರಸ್ತೆ ನೋಡುವುದು. ಬಿಳಿ ಕಾರು ಬರುತ್ತದೆ, ಇಸ್ತ್ರಿ ಶರ್ಟಿನ ಸಾಹೇಬರು ಇಳಿಯುತ್ತಾರೆ, ಪಕ್ಕದಲ್ಲೊಬ್ಬ ಕೆಂಪು ಮುಖದ ದೊರೆ ಇದ್ದರೂ ಇರಬಹುದು. ಇದು ಅವನ ಲೆಕ್ಕ.

ಬಿಳಿ ಕಾರು ಬರಲಿಲ್ಲ. ಬಿಸಿಲು ಏರುವ ಹೊತ್ತಿಗೆ ಊರಿಗೆ ಮೊದಲೇ ಬಸ್ಸಿಳಿದು ಒಬ್ಬ ಹೆಂಗಸು ನಡೆದು ಬಂದಳು. ಮುಡಿ ತುಂಬ ಕನಕಾಂಬರ, ಕೈಯಲ್ಲಿ ಕೆಂಪು ಬ್ಯಾಗು, ಬಾಯಲ್ಲಿ ಎಲೆ ಅಡಿಕೆ. ಬದುವಿನ ಮೇಲೆ ನಿಂತು ಕೇಳಿದಳು.

"ಏನಪ್ಪಾ, ಈ ಊರಾಗೆ ಚೌಡೇಶ ಅಂತ ಒಬ್ಬ ಹುಡುಗ ಇದಾನಲ್ಲ, ಹೆಂಗೆ ಅವನು?"

ಮಾರುತೇಶನ ಕೈ ಗಿಡದ ಬುಡದಲ್ಲೇ ನಿಂತಿತು. ಹುಡುಗ ಹೆಂಗೆ! ಮುಡಿಯಲ್ಲಿ ಹೂವು, ಕೈಯಲ್ಲಿ ಬ್ಯಾಗು, ಊರ ಹೊರಗೇ ವಿಚಾರಣೆ. ಇವಳು ಹೆಣ್ಣಿನ ಕಡೆಯವಳಲ್ಲದೆ ಇನ್ಯಾರು? ಚೌಡೇಶ ಅವನ ಜೊತೆಗೇ ಓದಿದವನು. ಇದ್ದ ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟು, ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲ್ ಅಂಗಡಿ ಇಟ್ಟು, ದಿನವಿಡೀ ಫ್ಯಾನಿನ ಕೆಳಗೆ ಕೂದಲು ಬಾಚಿಕೊಳ್ಳುತ್ತ ಕೂರುವವನು. ಹೋದ ವರ್ಷ ರಾಂಪುರದಲ್ಲಿ ಮಾರುತೇಶನಿಗೆ ಒಂದು ಹೆಣ್ಣು ಗೊತ್ತಾಗುವಂತಿತ್ತು. ಹುಡುಗ ಹೊಲದಲ್ಲಿ ದುಡಿಯುತ್ತಾನೆ ಅಂತ ತಿಳಿದದ್ದೇ ತಡ, ಅವರು ಕಾಫಿ ಲೋಟವನ್ನೂ ಮುಟ್ಟದೆ ಎದ್ದು ಹೋಗಿದ್ದರು. ಈಗ ಈ ಫ್ಯಾನಿನ ಕೆಳಗಿನ ಗೊಂಬೆಗೆ ಹೆಣ್ಣು ಹುಡುಕಿಕೊಂಡು ಬರುತ್ತದೆಯೇ? ಹಿಡಿದಿದ್ದ ಗಿಡವನ್ನು ಕಿತ್ತು ಪಕ್ಕಕ್ಕೆಸೆದು ಎದ್ದು ನಿಂತ.

"ಚೌಡೇಶನಾ? ಅಯ್ಯೋ ಅಮ್ಮಾ, ಅವನಂಥ ಮಣ್ಣಿನ ಹುಳ ಈ ಸೀಮೆಯಾಗೆ ಇಲ್ಲ. ಕೋಳಿ ಕೂಗಾಕೆ ಮುಂಚೆ ಹೊಲಕ್ಕೆ ಬಿದ್ದರೆ ಕತ್ತಲಾದರೂ ಮನೆ ಸೇರಲ್ಲ."

"ಹೌದಾ!" ಹೆಂಗಸಿನ ಕಣ್ಣು ಅಗಲವಾಯಿತು.

ಏಟು ಸರಿಯಾಗಿ ಬಿತ್ತು ಅಂದುಕೊಂಡ ಮಾರುತೇಶ ಇನ್ನೂ ಒಂದಿಷ್ಟು ಸೇರಿಸಿದ. "ಕೈ ನೋಡ್ಬೇಕು ನೀವು, ಬರೀ ಬೊಬ್ಬೆ. ದನಗಳ ಜೊತೆಗೇ ಮಲಗ್ತಾನೆ. ಸಗಣಿ ವಾಸನೆ ಇಲ್ದಿದ್ರೆ ಅವನಿಗೆ ನಿದ್ದೇನೇ ಬರಲ್ಲ. ಅಂಗಡಿ ಗಿಂಗಡಿ ಎಲ್ಲಾ ಸುಮ್ನೆ ನೆಪಕ್ಕೆ."

"ನೀನ್ಯಾರಪ್ಪಾ?"

ಇನ್ನೊಬ್ಬರ ಸಂಬಂಧ ಕೆಡಿಸುವಾಗ ಹೆಸರು ಹೇಳುವಷ್ಟು ದಡ್ಡನಲ್ಲ ಅವನು. "ನಾನು ಬಳ್ಳಾರಿ ಕಡೆಯವನಮ್ಮ. ಇಲ್ಲಿಗೆ ಕೂಲಿಗೆ ಬಂದಿದೀನಿ. ಚೌಡೇಶಣ್ಣನ ಹೊಲದಾಗೂ ದುಡಿದಿದೀನಿ, ಅದಕ್ಕೇ ಗೊತ್ತು. ಬೇರೆ ಯಾರ ಬಗ್ಗೇನೂ ನನ್ನ ಕೇಳಬ್ಯಾಡ್ರಿ, ಈ ಊರಾಗೆ ಇನ್ನೊಬ್ಬರ ಗುರುತು ನನಗಿಲ್ಲ. ಸ್ವಲ್ಪ ದಾರಿ ಬಿಡ್ರಿ, ಇಲ್ಲಿಗೆ ದೊಡ್ಡವರು ಬರೋರಿದಾರೆ."

ಇನ್ನೇನೋ ಕೇಳಲು ಬಾಯಿ ತೆರೆದಿದ್ದ ಹೆಂಗಸು ಸುಮ್ಮನಾದಳು. ಅವನು ಕಿತ್ತಿಟ್ಟಿದ್ದ ಶೇಂಗಾ ಗಿಡಗಳ ಸಾಲನ್ನು ಒಂದು ಗಳಿಗೆ ನೋಡಿ, "ಕೆಲಸ ಅಚ್ಚುಕಟ್ಟಾಗಿ ಮಾಡ್ತೀಯಪ್ಪ" ಎಂದು ಊರಿನ ಕಡೆ ನಡೆದಳು. ಬಹಳ ದಿನಗಳ ಮೇಲೆ ಮಾರುತೇಶನಿಗೆ ಶಿಳ್ಳೆ ಹಾಕುವಷ್ಟು ಖುಷಿಯಾಯಿತು.

ಹೊತ್ತು ಇಳಿಯುವವರೆಗೂ ಕಾದ. ಸಾಹೇಬರೂ ಇಲ್ಲ, ದೊರೆಯೂ ಇಲ್ಲ. ಬೇಸರದಿಂದ ಬೈಕ್ ಹತ್ತಿ ಬಂದರೆ ಕೆಂಚಣ್ಣನ ಹೋಟೆಲಿನ ಮುಂದೆ ಜನ ಸೇರಿದ್ದರು. ನಾಗಕ್ಕ ಬೆಂಚಿನ ಮೇಲೆ ಕೂತಿದ್ದಳು, ಅವ್ವನೂ ಆಗ ತಾನೇ ಬಂದು ನಿಂತಿದ್ದಳು. ಕೆಂಚಣ್ಣ ಓಡಿ ಬಂದು ಅವನ ಕೈ ಕುಲುಕಿದ.

"ಗೆದ್ದೆ ಕಣಲೇ! ಬಂದಿದ್ರು, ಮಾತಾಡಿ ಕಳಿಸಿದೀವಿ. ಮೊದಲು ಕೇಳಿದ್ದೇ 'ಮಾರುತೇಶ ಹೊಲದ ಕೆಲಸ ಮಾಡ್ತಾನಾ' ಅಂತ. ನಾವು ಬಿಡ್ತೀವಾ? 'ಯಾರು, ನಮ್ಮ ಮಾರುತೇಶನಾ? ಅವನು ಮಣ್ಣು ಮುಟ್ಟಿದ್ದನ್ನ ಈ ಕಣ್ಣಲ್ಲಿ ಕಂಡಿಲ್ಲ' ಅಂದೆ."

ಮಾರುತೇಶನಿಗೆ ಬೈಕಿನ ಸ್ಟ್ಯಾಂಡ್ ಹಾಕುವುದು ಮರೆತುಹೋಯಿತು.

"ನಾನು ಕಮ್ಮೀನಾ?" ನಾಗಕ್ಕ ಮುಂದೆ ಬಂದಳು. "'ಎಮ್ಮೆ ಕಂಡ್ರೆ ಮಾರು ದೂರ ಓಡ್ತಾನೆ, ಸಗಣಿ ವಾಸನೆ ಬಂದ್ರೆ ವಾಂತಿ ಮಾಡ್ಕಂತಾನೆ, ಹಾಲು ಪಾಕೀಟಿಂದು ಬಿಟ್ರೆ ಕುಡಿಯಲ್ಲ' ಅಂದೆ. ಬೆಂಗಳೂರು ಕಂಪನೀಲಿ ಏಸಿ ರೂಮಿನ ಕೆಲಸ ಅಂತ ಕೆಂಚಣ್ಣ ಸೇರಿಸಿದ. ಹೆಣ್ಣು ಯಾವೂರು, ಈಗಾದ್ರೂ ಹೇಳೋ!"

"ಹೆಣ್ಣಲ್ಲ ನಾಗಕ್ಕಾ... ಯಾರು ಬಂದಿದ್ದು? ನೋಡಾಕೆ ಹೆಂಗಿದ್ದ?"

"ಇದ್ದ ಅಲ್ಲ, ಇದ್ಲು. ಗೀತಮ್ಮ ಅಂತೆ, ಚಳ್ಳಕೆರೆಯೋಳು. ಮುಡಿ ತುಂಬ ಕನಕಾಂಬರ, ಕೆಂಪು ಬ್ಯಾಗು. ಅಗೋ, ಆ ಬಸ್ಸು ಹತ್ತಿದ್ಲು ನೋಡು."

ಚಳ್ಳಕೆರೆ ಬಸ್ಸು ಹಾರ್ನ್ ಹೊಡೆಯುತ್ತ ನಿಂತಿತ್ತು. ಮಾರುತೇಶ ಬೈಕನ್ನು ಇದ್ದಲ್ಲೇ ಬೀಳಿಸಿ ಓಡಿದ. ಕಿಟಕಿಯಲ್ಲಿ ಅದೇ ಮುಖ.

"ಮೇಡಂ, ನಾನೇ ಮಾರುತೇಶ! ಆ ಅರ್ಜಿ ಹಾಕಿದ್ದು ನಾನೇ!"

ಗೀತಮ್ಮ ಕನ್ನಡಕ ಸರಿಮಾಡಿಕೊಂಡಳು. "ನೀನು ಬಳ್ಳಾರಿ ಕೂಲಿಯವನಲ್ವಾ? ಓಹೋ, ಆ ಏಸಿ ಸಾಹೇಬ ತನ್ನ ಬದಲಿಗೆ ನಿನ್ನನ್ನ ಮುಂದೆ ಬಿಟ್ಟನೋ?"

ಅವನು ಲುಂಗಿಯೊಳಗಿನ ಚಡ್ಡಿಯ ಜೇಬಿನಿಂದ ಆಧಾರ್ ಕಾರ್ಡ್ ತೆಗೆದು ಕಿಟಕಿಗೆ ಹಿಡಿದ. ಗೀತಮ್ಮ ಕಾರ್ಡನ್ನೂ ಅವನ ಮುಖವನ್ನೂ ಮತ್ತೆ ಮತ್ತೆ ನೋಡಿದಳು.

"ಸರಿ, ನೀನೇ ಮಾರುತೇಶ. ಹಂಗಿದ್ರೆ ನನ್ನೆದುರು ನಿಂತು ಊರು ಸುಳ್ಳು, ಗುರುತು ಸುಳ್ಳು ಯಾಕಪ್ಪ ಹೇಳಿದೆ? ನಿಮ್ಮೂರವರು ನೋಡಿದ್ರೆ ನೀನು ಹೊಲವನ್ನೇ ಕಂಡಿಲ್ಲ ಅಂತಾರೆ. ಪರದೇಶಕ್ಕೆ ಹೋಗಿ ಅಲ್ಲೂ ಹಿಂಗೇ ಹೇಳ್ತೀಯಾ?"

"ಅವರು ಹೇಳಿದ್ದೆಲ್ಲಾ ಸುಳ್ಳು ಮೇಡಂ! ಒಳ್ಳೇದಾಗ್ಲಿ ಅಂತ ಹೇಳಿದಾರೆ. ಕೈ ನೋಡ್ರಿ ನನ್ನವು!"

"ಕೈ ನೋಡೋ ಕಾಲ ಮುಗೀತು. ಚೌಡೇಶನ ಹೆಸರು ಆಗಲೇ ಫೋನಿನಾಗೆ ಹೇಳಿ ಆತು. ಹೊಲದಾಗೆ ಜೊತೆಗೆ ದುಡಿದವನೇ ಅಷ್ಟು ಹೊಗಳಿದ ಮೇಲೆ ಇನ್ನೇನು ಬೇಕು? ಆ ಮಾತು ಹೇಳಿದ್ದು ನೀನೇ."

ಚೌಡೇಶನೂ ಅರ್ಜಿ ಹಾಕಿದ್ದನೇ! ಮಾರುತೇಶ ಕಿಟಕಿಯ ಸರಳು ಹಿಡಿದುಕೊಂಡ. "ಅದೂ ಸುಳ್ಳು ಮೇಡಂ! ಅವನಿಗೆ ಹಸುವಿನ ಮುಖ ಯಾವ ಕಡೆ ಇರುತ್ತೆ ಅನ್ನೋದೂ ಗೊತ್ತಿಲ್ಲ. ನೀವು ಹೆಣ್ಣಿನ ಕಡೆಯೋರು ಅಂತ ತಿಳ್ಕಂಡು..."

"ನೋಡು, ಈಗ ಜಾಗ ಕೈ ತಪ್ಪಿದ ಮೇಲೆ ಹೊಟ್ಟೆಕಿಚ್ಚಿಗೆ ಅವನ ಮೇಲೂ ಹೇಳ್ತಾ ಇದೀಯ. ಒಳ್ಳೆ ಹುಡುಗನ ಮೇಲೆ ಹಂಗೆಲ್ಲ ಹೇಳಬಾರದಪ್ಪ."

ಕಂಡಕ್ಟರ್ ಶಿಳ್ಳೆ ಹಾಕಿದ. ಬಸ್ಸು ಹೊರಟಿತು. ಮಾರುತೇಶ ಅದರ ಹೊಗೆಯಲ್ಲಿ ಆಧಾರ್ ಕಾರ್ಡ್ ಹಿಡಿದುಕೊಂಡೇ ನಿಂತಿದ್ದ. ಅಳು ಬಂತು, ಆದರೆ ಎದುರಿಗೆ ಊರೇ ನೋಡುತ್ತಿದ್ದುದರಿಂದ ಟವೆಲಿನಿಂದ ಮುಖದ ಧೂಳು ಒರೆಸಿಕೊಂಡಂತೆ ಮಾಡಿದ.

ಹೋಟೆಲಿಗೆ ವಾಪಸ್ಸು ಬರುವಷ್ಟರಲ್ಲಿ ಚೌಡೇಶ ಜಿಲೇಬಿಯ ಪೊಟ್ಟಣ ಹಿಡಿದು ಎಲ್ಲರ ಬಾಯಿಗೂ ತುರುಕುತ್ತಿದ್ದ. ಮಾರುತೇಶನನ್ನು ಕಂಡವನೇ ಬಂದು ಬಿಗಿಯಾಗಿ ತಬ್ಬಿಕೊಂಡ.

"ಡೆನ್ಮಾರ್ಕಿಗೆ ಸೆಲೆಕ್ಟ್ ಆದೆ ಕಣಲೇ! ಯಾರಿಗೂ ಹೇಳಿರಲಿಲ್ಲ, ಕಣ್ಣು ಬೀಳ್ತದೆ ಅಂತ. ಆದ್ರೆ ಇದೆಲ್ಲ ಒಬ್ಬ ಪುಣ್ಯಾತ್ಮನಿಂದ. ಬಳ್ಳಾರಿ ಕಡೆ ಕೂಲಿಯವನಂತೆ, ರಸ್ತೆ ಅಂಚಿನಾಗೆ ಶೇಂಗಾ ಕೀಳ್ತಿದ್ನಂತೆ, ಅಂದ್ರೆ ನಿಮ್ಮ ಹೊಲದಾಗೇ. ಮೇಡಂ ಫೋನಿನಾಗೆ ಹೇಳಿದ್ರು. ಯಾರಲೇ ಅವನು? ಕಾಲಿಗೆ ಬೀಳ್ಬೇಕು ನಾನು."

"ನಮ್ಮ ಹೊಲದಾಗಾ?" ತಿಪ್ಪೇರುದ್ರಮ್ಮನ ಹುಬ್ಬು ಮೇಲೇರಿತು. "ಇವತ್ತು ಕೂಲಿಯವರನ್ನ ಕರೆದೇ ಇರಲಿಲ್ವಲ್ಲ. ಇವನೊಬ್ಬನೇ..."

"ಇದ್ದ ಬಿಡವ್ವ," ಎಂದ ಮಾರುತೇಶ ಗಾಬರಿಯಿಂದ. "ತಾನಾಗೇ ಬಂದಿದ್ದ. ಮಧ್ಯಾಹ್ನವೇ ಹೊರಟುಹೋದ."

"ಛೇ! ಹೋಗ್ಲಿ, ಅವನಿಲ್ದಿದ್ರೆ ನೀನೇ ಸರಿ." ಚೌಡೇಶ ಹತ್ತಿರ ಬಂದು ದನಿ ತಗ್ಗಿಸಿದ. "ಬರೋ ತಿಂಗಳು ಹೊರಡಬೇಕು. ಅಷ್ಟರೊಳಗೆ ಹಾಲು ಕರೆಯೋದು, ಮೇವು ಕತ್ತರಿಸೋದು, ಕರು ಹಾಕಿಸೋದು ಎಲ್ಲಾ ನೀನು ಕಲಿಸ್ಬೇಕು. ನಾಳೆ ಬೆಳಿಗ್ಗೆ ಎಷ್ಟೊತ್ತಿಗೆ ಬರ್ಲಿ?"

ಮಾರುತೇಶ ಬಾಯಿ ತೆರೆಯುವ ಮೊದಲೇ ನಾಗಕ್ಕ ಅಡ್ಡ ಬಂದಳು. ದಾರಿಯಲ್ಲಿ ಯಾರೋ ಅಪರಿಚಿತರು ಹೋಗುತ್ತಿದ್ದರು. ಅವರಿಗೂ ಕೇಳಿಸಲಿ ಅಂತ ಗಟ್ಟಿಯಾಗಿ, ಮಾರುತೇಶನ ಕಡೆ ಕಣ್ಣು ಹೊಡೆದು ಹೇಳಿದಳು.

"ಇವನ ಹತ್ರ ಎಮ್ಮೆ ಕೆಲಸ ಕಲಿಯಾಕೆ ಬರ್ತೀಯಾ? ಪಾಪ, ನಮ್ಮ ಮಾರುತೇಶಂಗೆ ಅದೆಲ್ಲ ಎಲ್ಲಿ ಬರ್ತದೋ!"