ಎಡಗಡೆಯ ಬಟನ್

ಮೋನಮ್ಮ ಹೇಳಿದ್ದು ಒಂದೇ ಕೆಲಸ. "ಎಡಗಡಿ ಬಟನ್ ಒತ್ತಿದ್ರ ಒಳಗ ಸಿಕ್ಕೊಂಡು ಬಿಡ್ತದರಿ. ಅದೊಂದು ಸಾಫ್ ಮಾಡಿ ಕೊಡ್ರಿ. ಬ್ಯಾರೇ ಏನೂ ಮುಟ್ಟಬ್ಯಾಡ್ರಿ."

ಇಷ್ಟು ಸರಳ ಮಾತನ್ನು ಇಷ್ಟು ಪೂರ್ತಿಯಾಗಿ ಮರೆಯಬೇಕಾದರೆ ಗಂಡಸೇ ಆಗಿರಬೇಕು, ಅದೂ ಲಗ್ನಕ್ಕೆ ಬಂದ ಗಂಡಸು.

ನೀಲಕಂಠ ಸುರಪುರದ ಬಸ್‌ಸ್ಟ್ಯಾಂಡ್ ಎದುರು ಮೊಬೈಲ್ ರಿಪೇರಿ ಮತ್ತು ಝೆರಾಕ್ಸ್ ಅಂಗಡಿ ಇಟ್ಟಿದ್ದ. ಕಳೆದ ರವಿವಾರ ಹೆಣ್ಣು ನೋಡಲು ಹೋದಾಗ ಚುರುಮುರಿಯ ಸುಸಲಾ ತಿನ್ನುತ್ತ, "ಎಲೆಕ್ಟ್ರಾನಿಕ್ ಐಟಂ ಅಂದ್ರ ನನ್ನ ಕೈಯಾಗ ಮಾತಾಡ್ತಾವರಿ" ಎಂದುಬಿಟ್ಟಿದ್ದ. ಹುಡುಗಿ ಮೋನಮ್ಮ ಕಾಲುವೆ ಕ್ಯಾಂಪಿನ ಶಾಲೆಯಲ್ಲಿ ಗಣಿತ ಕಲಿಸುವವಳು. ಎದ್ದು ಒಳಗೆ ಹೋಗಿ, ಕೈಯಲ್ಲಿ ಹಿಡಿದು ಆಡುವ ಕರಿಯ ಗೇಮ್ ಕನ್ಸೋಲ್ ತಂದು ಅವನ ಮುಂದಿಟ್ಟಿದ್ದಳು. ತನ್ನ ಮೊದಲ ಪಗಾರದಲ್ಲಿ ಕೊಂಡದ್ದಂತೆ. ಹಿಂಬದಿಗೆ ಕೆಂಪು ನೇಲ್‌ಪಾಲಿಶಿನಲ್ಲಿ 'ಮೋ' ಎಂದು ಬರೆದಿತ್ತು.

ಇಂದು ಗುರುವಾರ. ಸಂಜೆ ಐದಕ್ಕೆ ಎರಡೂ ಮನೆಯವರು ಕೂತು ಮಾತು ಮುಗಿಸುವವರಿದ್ದರು. ಇದಕ್ಕೆ ಮುಂಚೆ ನಾಲ್ಕು ಕಡೆಯಿಂದ ನೀಲಕಂಠ "ಹುಡುಗಿಗಿ ಇನ್ನೂ ಓದೋದು ಅದರಿ" ಎಂಬ ಉತ್ತರ ಹೊತ್ತು ಬಂದಿದ್ದ. ಆ ನಾಲ್ವರಲ್ಲಿ ಒಬ್ಬಳಾದರೂ ಆಮೇಲೆ ಪುಸ್ತಕ ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ತಿಂಗಳೊಪ್ಪತ್ತಿನಲ್ಲಿ ನಾಲ್ವರೂ ಬೇರೆಯವರ ಮನೆಯ ಸೊಸೆಯರಾಗಿದ್ದರು. ಐದನೆಯದೂ ಹಾಗಾಗಬಾರದು.

ಬೆಳಿಗ್ಗೆ ಕನ್ಸೋಲ್ ಕೈಗೆತ್ತಿಕೊಂಡವನಿಗೆ ಬಟನ್ ಸಾಫ್ ಮಾಡುವುದು ತೀರ ಸಪ್ಪೆ ಅನಿಸಿತು. ಹೆಂಡತಿಯಾಗುವವಳಿಗೆ ನೂರು ಗೇಮ್ ಪುಕ್ಕಟೆ ತುಂಬಿಕೊಟ್ಟರೆ? ಅದಕ್ಕೆ ಕಂಪನಿಯದಲ್ಲದ, ಯಾರೋ ಮನೆಯಲ್ಲಿ ಕೂತು ಬರೆದ ಸಾಫ್ಟ್‌ವೇರ್ ಒಂದನ್ನು ಹಾಕಬೇಕಿತ್ತು. ಹದಿನೈದು ನಿಮಿಷದ ವಿಡಿಯೋದಲ್ಲಿ ಏಳು ನಿಮಿಷ ನೋಡಿದ. ಉಳಿದದ್ದು ಗೊತ್ತಿದೆ ಎಂದುಕೊಂಡ. ಪರದೆಯ ಮೇಲೆ ನಾಲ್ಕು ಸಲ ಎಚ್ಚರಿಕೆ ಬಂತು: ಮೊದಲು ಒಂದು ಕಾಪಿ ತೆಗೆದಿಡಿ, ಮಾಡೆಲ್ ನಂಬರ್ ತಾಳೆ ನೋಡಿ, ಕೆಟ್ಟರೆ ಕಂಪನಿ ಹೊಣೆಯಲ್ಲ, ನಡುವೆ ಕರೆಂಟ್ ತೆಗೆಯಬೇಡಿ. ತಾಲ್ಲೂಕು ಕಚೇರಿಯಲ್ಲಿ ತೋರಿಸಿದ ಕಡೆಯೆಲ್ಲ ಹೆಬ್ಬೆಟ್ಟು ಒತ್ತುವವರಂತೆ ನೀಲಕಂಠ ನಾಲ್ಕಕ್ಕೂ ಹೌದು ಎಂದು ಒತ್ತಿದ. ಕನ್ಸೋಲಿನ ಬ್ಯಾಟರಿ ಹಳೆಯದು, ಚಾರ್ಜರ್ ಹಚ್ಚಿದರಷ್ಟೇ ಅದಕ್ಕೆ ಜೀವ. ಚಾರ್ಜರ್ ಹಚ್ಚಿ, ಸಾಫ್ಟ್‌ವೇರ್ ಅರವತ್ತೊಂದು ಪರ್ಸೆಂಟ್ ಏರಿದಾಗ ಝೆರಾಕ್ಸ್ ಗಿರಾಕಿ ಕಡೆ ತಿರುಗಿದ.

ಪಕ್ಕದ ಚಹಾ ಹೋಟೆಲಿನ ಲಾಡ್ಲೇಸಾಬ ಆಗಲೇ ಒಳಗೆ ಬಂದ. ದಿನಾ ಬರುತ್ತಾನೆ, ದಿನಾ ಯಾರದೋ ಪ್ಲಗ್ ಕಿತ್ತು ತನ್ನ ಮೊಬೈಲ್ ಹಚ್ಚುತ್ತಾನೆ. ಇವತ್ತೂ ಕಿತ್ತು ಹಚ್ಚಿದ.

"ಯಾವ ಪ್ಲಗ್ ತಗದಿ ಮಾಮಾ?" ನೀಲಕಂಠ ಝೆರಾಕ್ಸ್ ಬಿಟ್ಟು ತಿರುಗಿದ.

"ಆ ಕರೇದು. ತುಂಬಿತ್ತು ತಗೋ. ಎಷ್ಟು ಕುಡೀತದ ಅದು, ಎಮ್ಮೀ ಏನದು?"

ಕನ್ಸೋಲ್ ಕಣ್ಣು ಮುಚ್ಚಿತ್ತು. ನೀಲಕಂಠ ಒತ್ತಿದ, ಅಲ್ಲಾಡಿಸಿದ, ಉಫ್ ಎಂದು ಊದಿದ. ಲಾಡ್ಲೇಸಾಬ ಕಿವಿಗೆ ಹಿಡಿದು ಕೇಳಿ, "ಬಿಸಲಿಗಿ ಇಡು, ನನ್ನ ರೇಡಿಯೋ ಹಂಗೇ ಹತ್ತಿತ್ತು" ಎಂದ. ಝೆರಾಕ್ಸ್‌ಗೆ ಬಂದವನು ಅಕ್ಕಿ ಡಬ್ಬಿಯಲ್ಲಿ ಹುಗಿಯಲು ಹೇಳಿದ. ಮಧ್ಯಾಹ್ನದ ತನಕ ಅದು ಬಿಸಿಲಿಗೂ ಕಾಯಿತು, ಅಕ್ಕಿಯಲ್ಲೂ ಮಲಗಿತು. ಎದ್ದೇಳಲಿಲ್ಲ.

ಕೊನೆಗೆ ಗೇಮ್ ಅಂಗಡಿಯ ಮನ್ಸೂರಅಲಿಯ ಹತ್ತಿರ ಓಡಿದ. ಮನ್ಸೂರಅಲಿ ನಾಡಿ ನೋಡುವ ಹಕೀಮನಂತೆ ಕನ್ಸೋಲನ್ನು ಎರಡು ಬೆರಳಲ್ಲಿ ಹಿಡಿದ.

"ಅರ್ಧಕ್ಕ ಕರೆಂಟ್ ಹೋಗ್ಯಾದ. ಇದಕ್ಕ ನಮ್ಮ ಲೈನಿನ್ಯಾಗ ಇಟ್ಟಂಗಿ ಅಂತಾರ ನೀಲೂ. ಖರೇ ಇಟ್ಟಂಗಿ ಆದ್ರ ಮನೀನರ ಕಟ್ಟಬಹುದು. ಇದು ಅದಕ್ಕೂ ಬರಂಗಿಲ್ಲ."

"ಎಬ್ಬಸಾಕ ಬರಂಗಿಲ್ಲೇನು ಭಾಯಿ?"

"ಮೊದಲ ಕಾಪಿ ತಗದಿಟ್ಟಿದ್ರ ಬರ್ತದ. ಇಟ್ಟೀ?"

ನೀಲಕಂಠ ಇಟ್ಟಿರಲಿಲ್ಲ. ಮನ್ಸೂರಅಲಿಯ ಕಪಾಟು ನೋಡಿದ. ಅಲ್ಲಿ ಅದೇ ಬಣ್ಣದ, ಅದೇ ಮಾಡೆಲಿನ ಕನ್ಸೋಲ್ ಕೂತಿತ್ತು.

"ಇವತ್ತೊಂದು ಸಂಜೀಗಿ ಕೊಡು ಭಾಯಿ. ನನ್ನ ಲಗ್ನದ ಸವಾಲು."

"ಎಂಟರೊಳಗ ತಂದುಕೊಡು. ಅಲ್ಲೀತನಕ ನಿನ್ನ ಬೈಕು ಇಲ್ಲೇ ಇರ್ಲಿ. ಎಂಟು ದಾಟಿತಂದ್ರ ಬೈಕು ನನ್ನದು." ಮನ್ಸೂರಅಲಿ ಬೈಕಿನ ಕೀಲಿಗಾಗಿ ಕೈ ಚಾಚಿದ. "ಆ ಇಟ್ಟಂಗಿ ನೀನೇ ಒಯ್ಯಿ. ಗಿರಾಕಿ ನೋಡಿದ್ರ ನಾನೇ ಕೆಡಿಸೀನಿ ಅಂತಾರ."

ಹೀಗೆ ನೀಲಕಂಠ ಬೈಕಿನ ಬದಲು ಟಂಟಂ ಆಟೋ ಹತ್ತಬೇಕಾಯಿತು. ಜೊತೆಗೆ ಅವ್ವ ದೇವಕಮ್ಮ, ಮತ್ತು ಓಣಿಯಲ್ಲಿ ಯಾರ ಮಾತುಕತೆಯಿದ್ದರೂ ಕರೆಯದೇ ಬರುವ ಪಾರ್ವತಿಬಾಯಿ. ನೀಲಕಂಠನ ಚೀಲದಲ್ಲಿ ಒಂದು ಜೀವಂತ ಕನ್ಸೋಲ್, ಒಂದು ಸತ್ತದ್ದು, ಮೇಲೆ ಒಂದು ಡಜನ್ ಬಾಳೆಹಣ್ಣು. ದೇವಕಮ್ಮನ ಮಡಿಲಲ್ಲಿ ಕೆಂಪು ಖಣದಲ್ಲಿ ಕಟ್ಟಿದ ಗಂಟು. ಅದರಲ್ಲಿ ಗಾಜು ಒಡೆದ ಹುಲಿಗೆಮ್ಮನ ಫೋಟೋ, ಒಂದು ಒಣ ತೆಂಗಿನಕಾಯಿ. ಒಡೆದ ದೇವರನ್ನು ಮನೆಯಲ್ಲಿಟ್ಟುಕೊಂಡು ಲಗ್ನದ ಮಾತಾಡಬಾರದು, ಹರಿಯುವ ನೀರಿಗೆ ಬಿಡಬೇಕು ಎಂದು ಪಾರ್ವತಿಬಾಯಿಯೇ ಹೇಳಿದ್ದಳು.

ಒಂದು ಬಾಳೆಹಣ್ಣಿಗಾಗಿ ಚೀಲಕ್ಕೆ ಕೈ ಹಾಕಿದವಳೂ ಅವಳೇ. "ಏನಪಾ ನೀಲು, ಹುಡುಗಿ ಕೊಟ್ಟಿದ್ದು ಒಂದು ಡಬ್ಬಿ ಅಂದಿದ್ದಿ. ಕೈಗಿ ಎರಡು ಹತ್ತಾಕತ್ತಾವಲ್ಲ?"

"ಒಂದು ಬರೇ ಕವರ್ ಕಾಕಿ."

"ತಗೀ, ನೋಡಮಿ."

ಅಷ್ಟರಲ್ಲಿ ಕಾಲುವೆಯ ಸೇತುವೆ ಬಂದು ಅವನ ಮಾನ ಉಳಿಸಿತು. "ನೀಲೂ, ಇಳದು ದೇವೀನ ನೀರಿಗಿ ಬಿಟ್ಟು ಬಾ" ಎಂದು ದೇವಕಮ್ಮ ಗಂಟು ಕೊಟ್ಟಳು. ನೀಲಕಂಠ ಚೀಲ ಸಮೇತ ಇಳಿದ. ಸೇತುವೆಯ ಗೋಡೆಗೆ ಬೆನ್ನು ಮಾಡಿ ಕೂತು, ಗಂಟು ಬಿಚ್ಚಿ, ಸತ್ತ ಕನ್ಸೋಲನ್ನು ದೇವಿಯ ಬೆನ್ನ ಹಿಂದೆ ಇಟ್ಟು, ಬಿಗಿಯಾಗಿ ಮತ್ತೆ ಕಟ್ಟಿ ಕಾಲುವೆಗೆ ಬಿಟ್ಟ. ನೀರು ತುಂಬಿ ಹರಿಯುತ್ತಿತ್ತು. ಕೆಂಪು ಗಂಟು ಒಮ್ಮೆ ಮುಳುಗಿ, ತೆಂಗಿನಕಾಯಿಯ ಪುಣ್ಯದಿಂದ ಮತ್ತೆ ಎದ್ದು, ಮದುವಣಗಿತ್ತಿಯಂತೆ ಸಾವಕಾಶ ಸಾಗಿತು. ಬೆಳಗಿನಿಂದ ಮೊದಲ ಸಲ ನೀಲಕಂಠ ಉಸಿರು ಬಿಟ್ಟ. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಅವನು ಯೋಚಿಸಲಿಲ್ಲ. ಕಾಲುವೆ ದಂಡೆಯಲ್ಲಿ ಹುಟ್ಟಿ ಬೆಳೆದವನು!

ಮೋನಮ್ಮನ ಮನೆಯಲ್ಲಿ ಸಕ್ಕರೆಯ ತಟ್ಟೆ ಸಿದ್ಧವಾಗಿತ್ತು. "ಅವರು ಗೇಟಿನ ಕಡೆ ಹೋಗ್ಯಾರರಿ. ಬಂದ್ರಂದ್ರ ಸಕ್ಕರಿ ಹಂಚೋದೇ" ಎಂದಳು ಅವಳ ತಾಯಿ. ಅಪ್ಪ ಯಂಕಣ್ಣ ಕಾಲುವೆಯ ಗೇಟ್ ಎತ್ತಿ ಇಳಿಸುವವನು.

ಮೋನಮ್ಮ ಮನ್ಸೂರಅಲಿಯ ಕನ್ಸೋಲ್ ಹಚ್ಚಿ ನೋಡಿದಳು. ಎಡಗಡೆಯ ಬಟನ್ ಒತ್ತಿದಳು. "ಬಟನ್ ಚಂದ ಆಗ್ಯಾದ. ಆದ್ರ ನನ್ನ ಗೇಮು ಎಲ್ಲಿ?"

"ವೈರಸ್ ಬಂದಿತ್ತರಿ. ಎಲ್ಲಾ ತೊಳದು ಹೊಸಾದು ಮಾಡೀನಿ."

"ಹಿಂದ ನೇಲ್‌ಪಾಲಿಶೂ ತೊಳದೀರೇನು?"

"ಪೂರಾ ಸರ್ವಿಸ್ ಅಂದ್ರ ಹಂಗರಿ."

ಅವಳು ಅವನನ್ನೇ ನೋಡಿದಳು, ತಪ್ಪು ಲೆಕ್ಕ ಬರೆದು ತಂದ ಹುಡುಗನನ್ನು ನೋಡುವಂತೆ. ಏನೋ ಕೇಳಬೇಕೆನ್ನುವಷ್ಟರಲ್ಲಿ ಯಂಕಣ್ಣ ಬಾಗಿಲಲ್ಲಿ ಕಾಣಿಸಿದ. ಕೈಯಲ್ಲಿ ನೀರು ತೊಟ್ಟಿಕ್ಕುವ ಕೆಂಪು ಗಂಟು.

"ಈ ಮಂದಿಗಿ ಬುದ್ಧಿ ಇಲ್ಲ ನೋಡ್ರಿ! ಒಡದ ದೇವರೆಲ್ಲಾ ಕಾಲುವಿಗಿ, ಕಾಲುವ್ಯಾಗಿಂದೆಲ್ಲಾ ನನ್ನ ಗೇಟಿನ ಜಾಳಿಗಿಗಿ. ನೀರು ಬಿಡ್ಲೋ, ದೇವರ ಆರಸ್ಲೋ?"

ದೇವಕಮ್ಮ ಧಡಕ್ಕನೆ ಎದ್ದಳು. "ಯವ್ವಾ! ಇದು ನನ್ನ ಖಣ! ನಮ್ಮ ಹುಲಿಗೆಮ್ಮ! ತಾಯಿ ತಾನೇ ಬೀಗರ ಮನೀಗಿ ಬಂದಾಳ!" ಗಳಗಳ ಅಳುತ್ತ ಕೈ ಮುಗಿದಳು. ಮೋನಮ್ಮನ ತಾಯಿಯೂ ಮುಗಿದಳು. ನೀಲಕಂಠನಿಗೆ ಮಾತ್ರ ಕೈ ಏಳಲಿಲ್ಲ.

"ಬಿಚ್ಚಬ್ಯಾಡ ಕಾಕಿ" ಎಂದ. ಪಾರ್ವತಿಬಾಯಿಗೆ ಇನ್ನೇನು ಬೇಕು? ಹಲ್ಲಿನಿಂದಲೇ ಗಂಟು ಬಿಚ್ಚಿದಳು. ಫೋಟೋ ಬಂತು, ತೆಂಗಿನಕಾಯಿ ಬಂತು, ಕರಿಯ ಡಬ್ಬಿ ಬಂತು. ಅದರ ಬೆನ್ನ ಮೇಲೆ ಕೆಂಪಗೆ 'ಮೋ'.

"ಅದಾ ನೋಡು ಆ ಕವರ್!" ಎಂದಳು ಪಾರ್ವತಿಬಾಯಿ.

ನೀಲಕಂಠ ತಡವರಿಸುತ್ತ ಸಾಫ್ಟ್‌ವೇರಿನ ಕಥೆಯನ್ನು, ಲಾಡ್ಲೇಸಾಬ ಪ್ಲಗ್ ಕಿತ್ತ ತನಕ ಹೇಳಿದ. ಮೋನಮ್ಮ ಸಿಟ್ಟಾಗಲಿಲ್ಲ. ಓಲೆಯ ಡಬ್ಬಿ ತಂದು ಅದರಿಂದ ಉಗುರಿನಷ್ಟು ಸಣ್ಣ ಮೆಮರಿ ಕಾರ್ಡ್ ತೆಗೆದಳು.

"ಆ ಸಾಫ್ಟ್‌ವೇರ್ ನಾನು ಎರಡು ವರ್ಷದ ಹಿಂದೇ ಹಾಕೀನಿ. ಹಾಕಿದ್ದರ ಮ್ಯಾಲೇ ಹಾಕೀರಿ ನೀವು. ಮೊದಲಿನ ಕಾಪಿ ಈ ಕಾರ್ಡಿನ್ಯಾಗ ಅದ. 'ಕೆಡಿಸೀನಿ' ಅಂತ ಒಂದು ಮಾತು ಹೇಳಿದ್ರ ಐದು ನಿಮಿಷದಾಗ ಎಬ್ಬಸ್ತಿದ್ದೆ." ಕನ್ಸೋಲನ್ನು ಬಗ್ಗಿಸಿದಳು. ಅದರೊಳಗಿನಿಂದ ಕಾಲುವೆಯ ನೀರು ಸಣ್ಣಗೆ ಧಾರೆಗಟ್ಟಿತು. "ಈಗ ಎಬ್ಬಸಾಕ ಬರಂಗಿಲ್ಲ. ಆ ಇನ್ನೊಂದು ಯಾರದು?"

ಪಾರ್ವತಿಬಾಯಿ ಕಿವಿ ನಿಮಿರಿಸಿ ಕೂತಿದ್ದಳು. ಕಡ ತಂದು ತೋರಿಸಿದ ಮಾಲು ಎಂದು ಓಣಿ ತುಂಬ ಸಾರಿಯಾಳು. "ನನ್ನದೇರಿ" ಎಂದ ನೀಲಕಂಠ.

"ಭಾಳ ಚಲೋ ಆಯ್ತು. ನಿಮ್ಮದೇ ಇದ್ರ ನನ್ನದರ ಬದಲಿ ಇದು ನನಗಿರ್ಲಿ" ಎಂದು ಮೋನಮ್ಮ ಅದನ್ನು ಕಪಾಟಿನೊಳಗಿಟ್ಟು ಕೀಲಿ ಹಾಕಿದಳು. ಒದ್ದೆಯದನ್ನು ಅವನ ಕೈಗೆ ಕೊಟ್ಟಳು.

ಯಂಕಣ್ಣ ಮಗಳ ಮುಖ ನೋಡಿದ. ಮಗಳು ತಲೆಯನ್ನು ಒಂದೇ ಸಲ ಅಡ್ಡ ಅಲ್ಲಾಡಿಸಿದಳು. ಸಕ್ಕರೆಯ ತಟ್ಟೆ ಸದ್ದಿಲ್ಲದೆ ಒಳಗೆ ಹೋಯಿತು.

"ಏನಂತೀರಿ ಬೀಗರ?" ಎಂದಳು ದೇವಕಮ್ಮ ಆಸೆಯಿಂದ.

ಏಳನೆಯ ತರಗತಿಗೆ ಬೀಜಗಣಿತ ಕಲಿಸುವ ಮಗಳ ಮುಂದೆ ನಿಂತು ಯಂಕಣ್ಣ ಗಂಟಲು ಸರಿಪಡಿಸಿಕೊಂಡ. "ಹಂಗಲ್ಲರಿ ಯಕ್ಕಾ... ಹುಡುಗಿಗಿ ಇನ್ನೂ ಓದೋದು ಅದರಿ."

ತಿರುಗಿ ಬರುವಾಗ ಟಂಟಂನಲ್ಲಿ ಹುಲಿಗೆಮ್ಮ ಮತ್ತೆ ದೇವಕಮ್ಮನ ಮಡಿಲಲ್ಲಿ ಕೂತಿದ್ದಳು. ಎಂಟಕ್ಕೆ ಹತ್ತು ನಿಮಿಷವಿದ್ದಾಗ ಮನ್ಸೂರಅಲಿಯ ಫೋನ್ ಬಂತು. ನೀಲಕಂಠ ಎತ್ತಲಿಲ್ಲ. ಮತ್ತೆ ಬಂತು. ತನ್ನ ಬೈಕಿನ ಮೇಲೆ ಮನ್ಸೂರಅಲಿ ಕಾಲು ಹಾಕಿ ಕೂತದ್ದು ಅವನ ಕಣ್ಣಿಗೆ ಕಟ್ಟಿತು. ಏನು ಮಾಡಲೂ ತೋಚದೆ ಒದ್ದೆ ಕನ್ಸೋಲಿನ ಎಡಗಡೆಯ ಬಟನ್ ಒತ್ತಿದ. ಅದು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಒಳಗೆ ಹೋಗಿ ಟಕ್ ಎಂದು ಹೊರಗೆ ಬಂತು. ಇನ್ನೊಮ್ಮೆ ಒತ್ತಿದ. ಟಕ್. ಕಾಲುವೆಯ ನೀರು ಒಳಗಿನ ಕೊಳೆಯನ್ನೆಲ್ಲ ಎಳೆದುಕೊಂಡು ಹೋಗಿತ್ತು.

"ಏನಪಾ ಅದು, ಟಕ್ ಟಕ್ ಅನ್ನಾಕತ್ತದ?" ಪಾರ್ವತಿಬಾಯಿ ಕೇಳಿದಳು.

"ಬಟನ್ ರಿಪೇರಿ ಆಗ್ಯಾದ ಕಾಕಿ" ಎಂದ ನೀಲಕಂಠ.

ಆ ದಿನ ಯಾರೂ ಒತ್ತಾಯಿಸದೆ ಅವನು ತಾನಾಗಿ ಹೇಳಿದ ನಿಜ ಅದೊಂದೇ.