ನಮ್ಮತ್ತೆಯ ಊರು ತೋರಿಸುವ ಹಟ

ನಮ್ಮ ಸೋದರತ್ತೆಯ ಜೊತೆ ಹಳೇ ಬಾಗಲಕೋಟೆಯಲ್ಲಿ ಒಮ್ಮೆ ನಡೆದವರು, ಎರಡನೇ ಸಲ ಅವಳು ಎದುರಾದರೆ ಪಕ್ಕದ ಓಣಿಗೆ ನುಸುಳುತ್ತಿದ್ದರು. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ನಾನೇ ಎಷ್ಟೋ ಸಲ ನುಸುಳಿದ್ದೇನೆ!

ಅತ್ತೆ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಅಕ್ಕೋರಾಗಿದ್ದು ನಿವೃತ್ತಳಾದವಳು. ತಮ್ಮನ ಮನೆಯಲ್ಲಿ, ಅಂದರೆ ನಮ್ಮ ಮನೆಯಲ್ಲಿ, ಇರುತ್ತಿದ್ದಳು. ಆಲಮಟ್ಟಿಯ ಆಣೆಕಟ್ಟು ಮುಗಿದರೆ ಹಿನ್ನೀರು ನಮ್ಮ ಊರೊಳಗೇ ಬರುತ್ತದೆಂಬ ಸುದ್ದಿ ಎಪ್ಪತ್ತರ ದಶಕದಲ್ಲಿ ಚಹಾದಂಗಡಿಗಳಲ್ಲಿ ಓಡಾಡುತ್ತಿತ್ತು. ಉಳಿದವರು ಸುದ್ದಿ ಕೇಳಿ, ಚಹಾ ಕುಡಿದು, ಎದ್ದು ಹೋದರು. ಅತ್ತೆ ಮಾತ್ರ, ಮುಳುಗುವ ಮೊದಲು ಈ ಊರನ್ನು ಸಿಕ್ಕವರಿಗೆಲ್ಲ ತೋರಿಸಿಯೇ ತೀರುತ್ತೇನೆಂದು ನಿಶ್ಚಯಿಸಿಬಿಟ್ಟಳು. ತೋರಿಸು ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಅದೇನು ಅವಳಿಗೆ ಅಡ್ಡಿಯೆ?

ಪ್ರತಿ ರವಿವಾರ ಬೆಳಿಗ್ಗೆ ಛತ್ರಿ ಹಿಡಿದು ಹೊರಡುತ್ತಿದ್ದಳು. ಮೊದಲು ಊರ ಅಗಸಿ ಬಾಗಿಲು, ಆಮೇಲೆ ಮಸೀದಿಯ ಮಿನಾರು, ಆಮೇಲೆ ದೊಡ್ಡ ಮನೆತನಗಳ ಸಾಲು ಸಾಲು ವಾಡೆಗಳು. ಛತ್ರಿಯ ಹಿಡಿಕೆಯಿಂದ ಗೋಡೆ ತಟ್ಟಿ, ವೈದ್ಯರಂತೆ ಕಿವಿಗೊಟ್ಟು, ಅದು ಎಷ್ಟು ಮೊಳ ದಪ್ಪವೆಂದು ಹೇಳುತ್ತಿದ್ದಳು. ಹೇಳಿದ್ದು ಮುಗಿದ ಮೇಲೆ ಪ್ರಶ್ನೆ ಕೇಳುತ್ತಿದ್ದಳು. ತಪ್ಪು ಉತ್ತರ ಕೊಟ್ಟವರು ಮರಳಿ ಅಗಸಿಯಿಂದ ನಡೆಯಬೇಕು! ಬನಶಂಕರಿಗೆ ಹೊರಟು ನಮ್ಮಲ್ಲಿ ಚಹಾಕ್ಕೆಂದು ಇಳಿದ ನೆಂಟರು ಮೂರು ಬಸ್ಸು ತಪ್ಪಿಸಿಕೊಂಡದ್ದುಂಟು.

ಇಂಥವಳ ಕೈಗೆ ಒಂದು ರವಿವಾರ, ನನ್ನನ್ನು ನೋಡಲು ಇಳಕಲ್ಲಿನಿಂದ ಬಂದ ಬೀಗರು ಸಿಕ್ಕರು. ಅವ್ವ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಅಷ್ಟರಲ್ಲಿ ಒಂದು ವಾಡೆ ನೋಡಿ ಬರೋಣವೆಂದು ಅತ್ತೆ ಅವರನ್ನು ಎಬ್ಬಿಸಿಕೊಂಡು ಹೋದಳು. ಉಪ್ಪಿಟ್ಟು ಆರಿತು. ನನ್ನ ಮುಡಿಯ ಹೂವು ಬಾಡಿತು. ಅಪ್ಪ ಬಾಗಿಲಿಗೂ ಬೀದಿಗೂ ತಿರುಗಿ ತಿರುಗಿ ಸುಸ್ತಾದರು. ಮಧ್ಯಾಹ್ನ ಒಂದು ಗಂಟೆಗೆ ಹುಡುಗನ ತಂದೆ ಚಪ್ಪಲಿ ಕೈಯಲ್ಲಿ ಹಿಡಿದು ಕುಂಟುತ್ತ ಬಂದರು. ಬಾಗಿಲ ಚೌಕಟ್ಟಿನಲ್ಲಿ ಎಷ್ಟು ಗಿಳಿ ಕೆತ್ತಿದ್ದಾರೆಂಬ ಪ್ರಶ್ನೆಗೆ ಅವರು ತಪ್ಪು ಲೆಕ್ಕ ಹೇಳಿದ್ದರಂತೆ. ಸಂಬಂಧ ಮುರಿಯಿತೆಂದೇ ನಾವು ತಿಳಿದೆವು. ಆದರೆ ಗಿಳಿಗಳನ್ನು ಸರಿಯಾಗಿ ಎಣಿಸಿದ್ದ ಹುಡುಗ, ಉಳಿದರ್ಧ ಊರು ನೋಡಲು ಮುಂದಿನ ರವಿವಾರವೂ ಬರುತ್ತೇನೆಂದ. ಬಂದ. ಮದುವೆಯೂ ಆಯಿತು. ಎರಡನೇ ಸಲ ಬಂದದ್ದು ನನಗಾಗಿಯೋ ವಾಡೆಗಳಿಗಾಗಿಯೋ, ಇವತ್ತಿಗೂ ಅವರು ಬಾಯಿ ಬಿಟ್ಟಿಲ್ಲ.

ಕೆಲವು ವರ್ಷಗಳ ಮೇಲೆ ಮುಳುಗಡೆಯ ಮನೆಗಳಿಗೆ ನಂಬರು ಬರೆಯಲು ಸರ್ವೇದವರೊಬ್ಬರು ಬಣ್ಣದ ಡಬ್ಬಿ ಹಿಡಿದು ನಮ್ಮ ಓಣಿಗೆ ಬಂದರು. ನಾನು ಆಗ ಬಾಣಂತನಕ್ಕೆ ತವರಲ್ಲಿದ್ದೆ. ಅವರು ಕುಂಚ ಅದ್ದಿ ನಮ್ಮ ಬಾಗಿಲಿನ ಕೆತ್ತನೆಯ ಚೌಕಟ್ಟಿನ ಕಡೆ ಕೈ ಎತ್ತುವಷ್ಟರಲ್ಲಿ ಅತ್ತೆ ಹೊಸ್ತಿಲಿಗೆ ಅಡ್ಡ ಕುಳಿತಳು.

"ನಂಬರ್ ಆಮ್ಯಾಲೆ ಬರೀರಂತ. ಮೊದಲ ಊರು ನೋಡ್ರಿ."

ಇನ್ನೂ ನಲವತ್ತು ಮನೆ ಬಾಕಿ ಇವೆ, ಇದು ಸರಕಾರಿ ಕೆಲಸ ಎಂದು ಅವರು ವಿನಯದಿಂದಲೇ ತಿಳಿಸಿದರು.

"ಅದಕ್ಕ ಹೇಳಾಕತ್ತೇನಿ. ಏನು ಮುಳುಗಸ್ತೀರಿ ಅಂತ ನಿಮಗ ಗೊತ್ತಿರಬೇಕೋ ಬ್ಯಾಡೋ?"

ಬಿಸಿಲು ಏರಿತು, ಡಬ್ಬಿಯ ಬಣ್ಣ ಕೆನೆಗಟ್ಟಿತು, ಅತ್ತೆ ಏಳಲಿಲ್ಲ. ಕೊನೆಗೆ ಆ ಮನುಷ್ಯ ಡಬ್ಬಿಯನ್ನು ನಮ್ಮ ಕಟ್ಟೆಯ ಮೇಲಿಟ್ಟು ಅವಳ ಹಿಂದೆ ನಡೆದರು. ತಿರುಗಿ ಬಂದಾಗ ಸಂಜೆಯಾಗಿತ್ತು. ನಮ್ಮಲ್ಲೇ ರೊಟ್ಟಿ ತಿಂದರು. ನಂಬರನ್ನು ಚೌಕಟ್ಟಿನ ಬದಲು ಪಕ್ಕದ ಬರಿಗೋಡೆಯ ಮೇಲೆ, ಸಣ್ಣದಾಗಿ ಬರೆದರು. ಇಡೀ ಓಣಿಯಲ್ಲಿ ಹಾಗೆಯೇ ಬರೆದರು. ಅತ್ತೆ ಮಾರನೆಯ ದಿನ ಮನೆಮನೆಗೂ ಹೋಗಿ ಪರೀಕ್ಷಿಸಿ ಬಂದಳು.

ತವರಿನವರು ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ಹೊರಡುವ ಹಿಂದಿನ ವಾರ ನಾನು ಸಾಮಾನು ಕಟ್ಟಲು ಬಂದೆ. ಅತ್ತೆಯ ಮಂಡಿ ಹಿಡಿದುಕೊಂಡಿದ್ದವು. ಆದರೂ ನನ್ನ ಭುಜ ಹಿಡಿದು ಹೊರಟಳು. ವಾಡೆಗಳನ್ನೆಲ್ಲ ದಾಟಿ, ಹೊಳೆಯ ಹತ್ತಿರದ ಒಂದು ಸಣ್ಣ ಮಣ್ಣಿನ ಮನೆಯ ಮುಂದೆ ನಿಂತಳು. ಬೀಗ ಹಾಕಿತ್ತು. ಗೋಡೆಗೆ ನಂಬರು ಬಿದ್ದಿತ್ತು. ಕೆತ್ತನೆಯಿಲ್ಲ, ಏನಿಲ್ಲ.

"ಇಲ್ಲೇನೈತಿ ಅತ್ಯಾ ನೋಡೂದು?" ಎಂದೆ.

"ಏನಿಲ್ಲ. ನಾ ಮದಿವ್ಯಾಗಿ ಬಂದ ಮನಿ."

ಅತ್ತೆ ಹದಿನಾರಕ್ಕೇ ವಿಧವೆಯಾದಳೆಂಬುದು ಗೊತ್ತಿತ್ತು. ಮನೆಯಲ್ಲಿ ಅದರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಗಂಡನ ಮನೆ ಇದೇ ಊರಲ್ಲಿತ್ತೆಂಬುದೂ ನನಗೆ ತಿಳಿದಿರಲಿಲ್ಲ.

ಅವಳು ಅಂಗೈಯನ್ನು ಗೋಡೆಗೆ ಹಚ್ಚಿ ನಿಂತಳು. "ಹನ್ನೊಂದು ತಿಂಗಳ ಇದ್ದೆ. ಅವರ ಮುಖ ನೆನಪಾಗವಲ್ದು ನನಗ. ಇಲ್ಲಿ ಬಂದು ನಿಂತರ ಒಂದೀಟು ನೆನಪಾಕ್ಕೈತಿ."

ಗೋಡೆಯಿಂದ ಕೈ ತೆಗೆಯದೆಯೇ ಕೇಳಿದಳು: "ನೀರು ಇಲ್ಲಿತನಕಾ ಬರತೈತೇನವಾ?"

"ಇಲ್ಲತ್ಯಾ, ಇಲ್ಲಿತನಕಾ ಬರೂದಿಲ್ಲ" ಎಂದೆ.

ಅವಳು ನಂಬಲಿಲ್ಲ. ನನ್ನ ಕೈಯನ್ನೂ ತೆಗೆದುಕೊಂಡು, ಆ ಗೋಡೆಯ ಮೇಲೆ ತನ್ನ ಕೈಯ ಪಕ್ಕದಲ್ಲಿ ಇಟ್ಟುಕೊಂಡಳು.